ಸಿಯಾಂಗ್ ಬೆಟ್ಟದ ವಿಮಾನದ ತಗಡು: ಅದರಲ್ಲಿದ್ದ ಸಿಬ್ಬಂದಿ ಯಾರೆಂದು ತಿಳಿಯುವ ಬಗೆ ಹೇಗೆ?

ಘಟ್ಟದ ಕೆಳಗಿನವ

ಎಲ್ಲರಿಗೂ ನಮಸ್ಕಾರ. ರಸ್ತೆ ಅಳತೆಯ ಕೆಲಸದ ಮೇಲೆ ನಾನು ಅರುಣಾಚಲ ಪ್ರದೇಶಕ್ಕೆ ಬಂದು ಮೂರು ವರ್ಷಗಳಾದವು. ಕಳೆದ ಚಳಿಗಾಲದಲ್ಲಿ ಅಪ್ಪರ್ ಸಿಯಾಂಗ್ ಜಿಲ್ಲೆಯ ಆದಿ ಬುಡಕಟ್ಟಿನವರ ಒಂದು ಹಳ್ಳಿಯಲ್ಲಿ ಹತ್ತು ದಿನ ಉಳಿಯಬೇಕಾಯಿತು. ನಾನಿದ್ದ ಮನೆಯ ಒಲೆಯ ಮೇಲೆ ತೂಗುಹಾಕಿದ ಅಟ್ಟದಲ್ಲಿ, ಧಾನ್ಯ ಒಣಗಿಸುವ ಜಾಗದ ಕೆಳಗೆ, ಒಂದು ತಗಡನ್ನು ಹಾಸಿದ್ದರು. ಅಗಲ ಒಂದು ಮೊಳದಷ್ಟು, ಉದ್ದ ಅದರ ಎರಡರಷ್ಟು. ಹೊಗೆ ಹಿಡಿದು ಕಪ್ಪಾಗಿದ್ದರೂ ತುಕ್ಕಿನ ಕಲೆ ಎಲ್ಲಿಯೂ ಇರಲಿಲ್ಲ, ಅಂಚಿನುದ್ದಕ್ಕೂ ಒಂದೇ ಅಂತರದಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ನನ್ನ ಕುತೂಹಲ ಕಂಡು ಮನೆಯಾಕೆ ಅದನ್ನು ಕೆಳಗಿಳಿಸಿ ಬೂದಿ ಹಾಕಿ ಉಜ್ಜಿದಾಗ ಒಂದು ಮೂಲೆಯಲ್ಲಿ ಅಚ್ಚೊತ್ತಿದ 32 ಎಂಬ ಅಂಕಿಯೂ, ಅದರ ಬೆನ್ನಿಗೆ ಒಂದು ಇಂಗ್ಲಿಷ್ ಅಕ್ಷರವೂ ಕಾಣಿಸಿದವು. ಮುಂದಿನ ಅಂಕಿಗಳು ಸವೆದುಹೋಗಿವೆ. ಅವರ ಮಾವನವರು ಯುವಕರಾಗಿದ್ದಾಗ ಬೇಟೆಗೆ ಹೋದವರು ಬೆಟ್ಟದ ಮೇಲಿನಿಂದ ಅದನ್ನು ಹೊತ್ತು ತಂದರಂತೆ.

ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಮಿನಿಂದ ಚೀನಾಕ್ಕೆ ಹಾರುತ್ತಿದ್ದ ಅಮೆರಿಕನ್ ವಿಮಾನಗಳು ಈ ಬೆಟ್ಟಗಳಲ್ಲಿ ಬಿದ್ದದ್ದನ್ನು ಓದಿದ್ದೇನೆ. ಇದೇ ಜಿಲ್ಲೆಯ ದಮ್ರೋ ಬಳಿ ‘ಹಾಟ್ ಆಸ್ ಹೆಲ್’ ಎಂಬ ಹೆಸರಿನ ಬಾಂಬರ್ ಸಿಕ್ಕಿದ್ದೂ ಗೊತ್ತು. ಈ ತಗಡು ಅದರದ್ದೇ ಇರಬೇಕೆಂದು ನನ್ನ ಮನಸ್ಸು ಹೇಳುತ್ತಿದೆ. ಅದರಲ್ಲಿದ್ದ ಎಂಟು ಮಂದಿಯ ಹೆಸರುಗಳನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಅವರ ಮನೆಯವರಿಗೆ ಪತ್ರ ಬರೆಯುವುದು ಸರಿಯೇ? ಬರೆಯುವುದಾದರೆ ಹೇಗೆ? ತಿಳಿದವರು ದಾರಿ ತೋರಿಸಬೇಕು.

ಕಡತಶೋಧ

ನಿಮ್ಮ ಕಳಕಳಿ ದೊಡ್ಡದು, ಆದರೆ ದಯವಿಟ್ಟು ಆ ಪತ್ರವನ್ನು ಈಗಲೇ ಬರೆಯಬೇಡಿ. ಕಾರಣವನ್ನು ವಿವರವಾಗಿ ಹೇಳುತ್ತೇನೆ.

‘ಹಾಟ್ ಆಸ್ ಹೆಲ್’ ಬಿ-24 ಲಿಬರೇಟರ್ ಜಾತಿಯ ನಾಲ್ಕು ಎಂಜಿನ್‌ಗಳ ಬಾಂಬರ್. ಚೀನಾದ ಕುನ್ಮಿಂಗ್ ಕಡೆಯ ನೆಲೆಗಳಿಂದ ಹೋರಾಡುತ್ತಿದ್ದ ಅಮೆರಿಕದ 308ನೆಯ ಬಾಂಬ್ ಗ್ರೂಪ್‌ಗೆ ಅದು ಸೇರಿತ್ತು. ಚೀನಾಕ್ಕೆ ಹೋಗುವ ಭೂಮಾರ್ಗಗಳನ್ನೆಲ್ಲ ಜಪಾನೀಯರು ಮುಚ್ಚಿದ್ದರಿಂದ ಆ ತಂಡದವರು ತಮ್ಮ ಪೆಟ್ರೋಲು, ತಮ್ಮ ಬಾಂಬು, ತಮ್ಮ ಬಿಡಿಭಾಗಗಳನ್ನು ತಾವೇ ಅಸ್ಸಾಮಿನಿಂದ ಹಿಮಾಲಯದ ಪೂರ್ವದ ತುದಿಯನ್ನು ದಾಟಿಸಿ ತರಬೇಕಿತ್ತು. ಒಂದು ದಾಳಿಗೆ ಹೊರಡಬೇಕಾದರೆ ಮೊದಲು ಸಾಮಾನು ತರಲು ಹಲವು ಸಲ ಬೆಟ್ಟ ದಾಟಿ ಬರಬೇಕು. ‘ಹಂಪ್’ ಎಂದರೆ ಬೆನ್ನಿನ ಗೂನು. ವೈಮಾನಿಕರು ಆ ದಾರಿಗೆ ಇಟ್ಟಿದ್ದ ಹೆಸರು ಅದು. 1944ರ ಜನವರಿ 25ರಂದು ಈ ವಿಮಾನ ಹೊರಟದ್ದೂ ಅಂಥದೇ ಕೆಲಸಕ್ಕೆ, ಕುನ್ಮಿಂಗ್‌ನಿಂದ ಅಸ್ಸಾಮಿನ ಚಾಬುವಾಕ್ಕೆ. ಒಳಗೆ ಎಂಟು ಜನರಿದ್ದರು. ಪೈಲಟ್ ವಿಲಿಯಂ ಸ್ವಾನ್ಸನ್, ದಾರಿ ಲೆಕ್ಕಹಾಕುವ ನ್ಯಾವಿಗೇಟರ್ ಇರ್ವಿನ್ ಜೇಟ್ಸ್, ಗುರಿ ನೋಡಿ ಬಾಂಬು ಹಾಕುವ ಬಾಂಬಾರ್ಡಿಯರ್ ರಾಬರ್ಟ್ ಆಕ್ಸ್‌ಫರ್ಡ್ ಅವರಲ್ಲಿ ಸೇರಿದ್ದರು. ಹವೆ ಕೆಟ್ಟಿತ್ತು, ವಿಮಾನ ಚಾಬುವಾ ತಲುಪಲಿಲ್ಲ. ನೀವು ಮುಖ್ಯವಾಗಿ ಗಮನಿಸಬೇಕಾದದ್ದು, ಅದೇ ದಿನ ಅದೇ ದಾರಿಯಲ್ಲಿ ಬೇರೆ ವಿಮಾನಗಳೂ ಕಾಣೆಯಾದವು ಎಂಬುದನ್ನು.

ಯುದ್ಧ ಮುಗಿದ ಮೇಲೆ ನಡೆದ ಹುಡುಕಾಟದಲ್ಲಿ ಏನೂ ಸಿಗಲಿಲ್ಲ. 2006ರಲ್ಲಿ ಅರಿಜೋನಾದ ಪರ್ವತಾರೋಹಿ ಕ್ಲೇಟನ್ ಕೂಲ್ಸ್ ಸ್ಥಳೀಯ ಮಾರ್ಗದರ್ಶಿಗಳೊಂದಿಗೆ ಬೆಟ್ಟ ಹತ್ತಿ ಅವಶೇಷಗಳನ್ನು ಕಂಡರು. ಜಗತ್ತಿಗೆ ಅದು ಹೊಸ ಸುದ್ದಿ, ಆ ಊರಿನ ಬೇಟೆಗಾರರಿಗೆ ಹಳೆಯ ವಿಷಯ. ಈ ಮಾತನ್ನು ಯಾವ ವರದಿಯಲ್ಲಿ ಓದಿದರೂ ಮರೆಯಬಾರದೆಂದು ನನ್ನ ಅಭಿಪ್ರಾಯ. ಅದು ‘ಹಾಟ್ ಆಸ್ ಹೆಲ್’ ಎಂದು ತೀರ್ಮಾನವಾದದ್ದು 42-73308 ಎಂಬ ಸರಣಿ ಸಂಖ್ಯೆಯಿಂದಲೇ ಹೊರತು ದಿಕ್ಕು, ದಿನಾಂಕಗಳ ಊಹೆಯಿಂದಲ್ಲ. ಮೊದಲಿನ 42 ವಿಮಾನಕ್ಕೆ ಬೇಡಿಕೆ ಸಲ್ಲಿಸಿದ ಹಣಕಾಸಿನ ವರ್ಷ. ಬಾಲದ ಮೇಲೆ ಬರೆಯುವಾಗ ಮೊದಲನೆಯ ಅಂಕಿಯನ್ನು ಬಿಟ್ಟು 273308 ಎಂದು ಬರೆಯುತ್ತಿದ್ದರು. ಈ ಕ್ರಮ ತಿಳಿಯದೆ ತಡಕಾಡಿದವರು ಬಹಳ ಮಂದಿ.

ಇನ್ನು ಕಾಗದಗಳ ವಿಷಯ. 1943ರಿಂದ ಅಮೆರಿಕದ ವಾಯುಪಡೆಯವರು ವಿಮಾನ ಕಾಣೆಯಾದರೆ ‘ಮಿಸ್ಸಿಂಗ್ ಏರ್ ಕ್ರೂ ರಿಪೋರ್ಟ್’ ಎಂಬ ನಮೂನೆಯನ್ನು ತುಂಬುತ್ತಿದ್ದರು. ಹೊರಟ ಜಾಗ, ಸೇರಬೇಕಿದ್ದ ಜಾಗ, ಅಂದಿನ ಹವಾಮಾನ, ಕೊನೆಯ ಬಾರಿ ಕಂಡವರು ಯಾರು, ಒಳಗಿದ್ದ ಒಬ್ಬೊಬ್ಬರ ಹೆಸರು, ಹುದ್ದೆ, ಸೈನಿಕ ಸಂಖ್ಯೆ, ಮನೆಯವರ ವಿಳಾಸ ಎಲ್ಲವೂ ಅದರಲ್ಲಿ ಇರುತ್ತದೆ. ಅದಕ್ಕಿಂತ ಬೆಲೆಯುಳ್ಳದ್ದು, ನಾಲ್ಕೂ ಎಂಜಿನ್‌ಗಳ ಸಂಖ್ಯೆ ಮತ್ತು ಮೆಷಿನ್ ಗನ್‌ಗಳ ಸಂಖ್ಯೆಯನ್ನೂ ಅದರಲ್ಲಿ ನಮೂದಿಸುತ್ತಿದ್ದರು. ಬೆಟ್ಟದಲ್ಲಿ ಒಂದೇ ಒಂದು ಬಂದೂಕಿನ ಮೇಲಿನ ಸಂಖ್ಯೆಯನ್ನು ಓದಲು ಸಾಧ್ಯವಾದರೆ ಇಡೀ ವಿಮಾನದ ಗುರುತು ಹತ್ತಲು ಅಷ್ಟೇ ಸಾಕು.

ಎರಡನೆಯದು ಪ್ರತಿಯೊಬ್ಬ ಮೃತ ಸೈನಿಕನ ಹೆಸರಿನಲ್ಲಿ ತೆರೆದ ವೈಯಕ್ತಿಕ ಕಡತ. ಹಲ್ಲಿನ ನಕ್ಷೆ, ಎತ್ತರ, ಯುದ್ಧಾನಂತರದ ಹುಡುಕಾಟದ ಟಿಪ್ಪಣಿ, ತಾಯಿ ತಂದೆಯರು ಸರ್ಕಾರಕ್ಕೆ ಬರೆದ ಪತ್ರಗಳೆಲ್ಲ ಅಲ್ಲಿರುತ್ತವೆ. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಸೇನೆಯ ಸೇವಾ ದಾಖಲೆಗಳು ಲಕ್ಷಗಟ್ಟಲೆ ಸುಟ್ಟುಹೋದವು. ಈ ಮರಣ ಕಡತಗಳು ಆ ಬೆಂಕಿಗೆ ಸಿಗದೆ ಉಳಿದವು. ಹಾಗಾಗಿ ಸೇವಾ ಪುಸ್ತಕ ಸಿಗದೆಂದು ಯಾರಾದರೂ ಹೇಳಿದರೆ ಅಲ್ಲಿಗೇ ಕೈಬಿಡಬಾರದು.

ಹಳೇ ವಿಮಾನಪುರ

ಸ್ವಾಮಿ, 32 ಎಂಬ ಅಂಕಿಯ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ವಿಮಾನದ ಕವಚದ ಕೆಲಸದಲ್ಲೇ ನಿವೃತ್ತನಾದವನು. ಲಿಬರೇಟರ್ ತಯಾರಿಸಿದ ಕನ್ಸಾಲಿಡೇಟೆಡ್ ಕಂಪನಿಯಲ್ಲಿ ಅದರ ಮಾದರಿಯ ಸಂಖ್ಯೆ 32. ಬಿಡಿಭಾಗಗಳ ಸಂಖ್ಯೆಯೂ 32ರಿಂದಲೇ ಶುರುವಾಗಿ ಮುಂದೆ ಒಂದು ಅಕ್ಷರ, ಅದರ ಮುಂದೆ ಅಂಕಿಗಳು ಬರುತ್ತವೆ. ಅದೇ ಕಂಪನಿಯ ಕ್ಯಾಟಲೀನಾ ಎಂಬ ಕಡಲ ವಿಮಾನದ ಭಾಗಗಳಿಗೆ 28. ಆದ್ದರಿಂದ ನಿಮ್ಮ ತಗಡು ಲಿಬರೇಟರ್ ವಂಶದ್ದು ಎಂಬ ಮಟ್ಟಿಗೆ ನಂಬಬಹುದು.

ವಂಶ ಎಂದು ಬೇಕೆಂದೇ ಬರೆದೆ. ಇದೇ ವಿಮಾನದ ಮೈಯನ್ನು ಬದಲಾಯಿಸಿ ಸರಕು ಸಾಗಿಸಲು ಸಿ-87, ಪೆಟ್ರೋಲು ಸಾಗಿಸಲು ಸಿ-109 ಎಂಬ ರೂಪಗಳನ್ನು ಮಾಡಿದ್ದರು. ಎರಡೂ ಹಂಪ್ ದಾರಿಯಲ್ಲೇ ಹಾರಿದವು, ಎರಡರ ತಗಡಿನಲ್ಲೂ 32 ಇರುತ್ತದೆ. ಅವು ಬಾಂಬರ್‌ಗಳಲ್ಲ, ಅವುಗಳ ಸಿಬ್ಬಂದಿಯೂ ಬೇರೆ. ಎಂಜಿನ್ ಕಂಡರೆ ಸಿಲಿಂಡರ್ ಎಣಿಸಿ. ಲಿಬರೇಟರ್‌ನಲ್ಲಿ ಏಳರಂತೆ ಎರಡು ಸುತ್ತು, ಒಟ್ಟು ಹದಿನಾಲ್ಕು. ಡಕೋಟಾ ಎಂಬ ಸರಕು ವಿಮಾನದಲ್ಲೂ ಹದಿನಾಲ್ಕೇ, ಏಕೆಂದರೆ ಎರಡಕ್ಕೂ ಪ್ರ್ಯಾಟ್ ಅಂಡ್ ವಿಟ್ನಿಯ ಒಂದೇ ಬಗೆಯ ಎಂಜಿನ್. ಆದರೆ ಲಿಬರೇಟರ್‌ನ ಎಂಜಿನ್‌ಗೆ ಎತ್ತರದ ತೆಳು ಗಾಳಿಯನ್ನು ಒತ್ತಿ ಒಳಗೆ ಕೊಡುವ ಟರ್ಬೊ ಸೂಪರ್‌ಚಾರ್ಜರ್ ಜೋಡಿಸಿರುತ್ತದೆ. ಹದಿನೆಂಟು ಸಿಲಿಂಡರ್ ಕಂಡರೆ ಅದು ಸಿ-46 ಎಂಬ ಬೇರೆ ಸರಕು ವಿಮಾನ ಇರಬಹುದು, ನಿಮ್ಮ ತಗಡಿಗೂ ಅದಕ್ಕೂ ನಂಟಿಲ್ಲ.

ನಮ್ಮ ಬೆಂಗಳೂರಿಗೂ ಈ ವಿಮಾನಕ್ಕೂ ಹಳೆಯ ಸಂಬಂಧವಿದೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಯೋಗದಲ್ಲಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆಯ ಉಸ್ತುವಾರಿಗೆ ಕೊಟ್ಟು, ಈ ಸೀಮೆಯ ಯುದ್ಧವಿಮಾನಗಳ ದೊಡ್ಡ ದುರಸ್ತಿಗಳನ್ನು ಅಲ್ಲಿ ನಡೆಸಿದರು. ಯುದ್ಧ ಮುಗಿದ ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಬೆಂಗಳೂರಿಗೆ ಹಾರಿಸಿ ತಂದು ಸರಿಪಡಿಸಿ ನಮ್ಮ ವಾಯುಪಡೆಗೆ ಕೊಟ್ಟದ್ದು ಇದೇ ಕಾರ್ಖಾನೆ. ಅವು 1968ರವರೆಗೆ ಹಾರಿದವು. ನಮ್ಮ ತಂದೆಯವರು ಯುದ್ಧಕಾಲದಲ್ಲಿ ಅಲ್ಲಿ ರಿವೆಟ್ ಕೆಲಸಕ್ಕೆ ಸೇರಿದವರು. ಬಿಚ್ಚಿದ ಪ್ರತಿ ಭಾಗಕ್ಕೂ ತಕ್ಷಣ ಚೀಟಿ ಕಟ್ಟಬೇಕಿತ್ತಂತೆ. ಚೀಟಿ ಹೋದ ಸಾಮಾನು ಯಾವ ವಿಮಾನದ್ದೂ ಅಲ್ಲ ಎಂದು ಅವರು ಹೇಳುತ್ತಿದ್ದರು. ನೀವೂ ಆ ತಗಡಿಗೆ ಒಂದು ಚೀಟಿ ಕಟ್ಟಿ. ಯಾರು ತಂದದ್ದು, ಯಾವ ಬೆಟ್ಟದಿಂದ, ಹೇಳಿದವರು ಯಾರು, ಬರೆದುಕೊಂಡ ದಿನ ಯಾವುದು, ಅಷ್ಟನ್ನೂ ಅದರ ಮೇಲೆ ಬರೆಯಿರಿ.

ಘಟ್ಟದ ಕೆಳಗಿನವ

ಇಬ್ಬರಿಗೂ ಕೃತಜ್ಞತೆಗಳು. ಆ ಸ್ಥಳಕ್ಕೆ ಎರಡು ದಿನದ ಕಾಲ್ನಡಿಗೆಯಂತೆ. ಊರಿನ ಯುವಕರು ಕರೆದೊಯ್ಯಲು ಒಪ್ಪಿದ್ದಾರೆ. ಹೋದರೆ ಮಣ್ಣು ಸರಿಸಿ ಬಂದೂಕು ಹುಡುಕಬಹುದೇ?

ಲಿಂಕನ್‌ನಿಂದ ಕನ್ನಡತಿ

ತಮ್ಮಾ, ಮಣ್ಣು ಸರಿಸಬೇಡಿ. ಅದು ಎಂಟೋ ಹತ್ತೋ ಜನರ ಸಮಾಧಿ ಇರಬಹುದು. ಮೂಳೆ, ಬಟ್ಟೆ, ಕತ್ತಿನ ಬಿಲ್ಲೆ ಏನು ಕಂಡರೂ ಮುಟ್ಟದೆ ಇದ್ದಲ್ಲೇ ಚಿತ್ರ ತೆಗೆದು ಜಿಲ್ಲಾಡಳಿತಕ್ಕೆ ತಿಳಿಸಿ. ಕಾಣೆಯಾದ ತನ್ನ ಸೈನಿಕರನ್ನು ಹುಡುಕಲೆಂದೇ ಇರುವ ಅಮೆರಿಕದ ರಕ್ಷಣಾ ಇಲಾಖೆಯ ಸಂಸ್ಥೆಗೂ ಬರೆಯಿರಿ. ಕೈಹಾಕಿ ಕೆದಕಿದ ಜಾಗದಿಂದ ಮುಂದೆ ತಜ್ಞರಿಗೆ ಸಿಗುವುದು ಕಡಿಮೆ.

ನಾನು ಹತ್ತು ವರ್ಷಗಳಿಂದ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿದ್ದೇನೆ. ಸುತ್ತ ಎಲ್ಲಿ ನೋಡಿದರೂ ಯುದ್ಧಕಾಲದ ಬಾಂಬರ್ ನೆಲೆಗಳೇ. ಬ್ರಿಟಿಷ್ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಲಿಂಕನ್ ನಗರದ ಹೊರಗಿನ ದಿಬ್ಬದ ಮೇಲೆ ನಿಲ್ಲಿಸಿರುವ ಸ್ಮಾರಕ ಸ್ತಂಭದ ಎತ್ತರ 102 ಅಡಿ, ಲ್ಯಾಂಕಾಸ್ಟರ್ ಬಾಂಬರ್‌ನ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗಿರುವಷ್ಟೇ ಅಳತೆ. ಅದರ ಸುತ್ತಲಿನ ಗೋಡೆಗಳ ಮೇಲೆ ಕೊರೆದ ಹೆಸರುಗಳನ್ನು ಓದುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ನಮ್ಮ ಹಳ್ಳಿಯ ಚರ್ಚಿನ ಫಲಕದಲ್ಲಿರುವ ಏಳು ಹೆಸರುಗಳ ಹಿಂದೆ ನಾನೂ ಬಿದ್ದೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಏರ್ 27 ಎಂಬ ಸರಣಿಯಲ್ಲಿ ಪ್ರತಿ ದಳದ ದಿನಚರಿಯಿದೆ. ಹೊರಟ ವಿಮಾನ, ಒಳಗಿದ್ದವರು, ಏರಿದ ಗಂಟೆ, ಇಳಿದ ಗಂಟೆ ಎಲ್ಲವನ್ನೂ ಟೈಪ್ ಮಾಡಿದ್ದಾರೆ. ನನ್ನ ಏಳು ಜನರ ಸಾಲಿಗೆ ಬಂದಾಗ ಇಳಿದ ಗಂಟೆಯ ಜಾಗ ಖಾಲಿಯಿತ್ತು. ನೆಲ ಬಿಟ್ಟ ಮೇಲೆ ಈ ವಿಮಾನದಿಂದ ಏನೂ ಕೇಳಿಬರಲಿಲ್ಲ ಎಂಬ ಒಂದೇ ವಾಕ್ಯ ಪಕ್ಕದಲ್ಲಿತ್ತು. ಪುಟ ತಿರುಗಿಸಿದರೆ ಇನ್ನೊಂದು ಸಿಬ್ಬಂದಿಯ ಮುಂದೆಯೂ ಅದೇ ವಾಕ್ಯ. ರಾತ್ರಿ ದಾಳಿಗಳಿಗೆ ಎರಡು ದಿನಾಂಕ ಜೋಡಿಸಿ ಬರೆಯುವ ರೂಢಿ ನನಗೆ ತಿಳಿದಿರಲಿಲ್ಲ, ಹಾಗಾಗಿ ಹೊರಟ ದಿನವನ್ನೇ ಸತ್ತ ದಿನವೆಂದು ಬರೆದುಕೊಂಡು ಒಂದು ತಿಂಗಳು ತಪ್ಪು ಪುಟಗಳಲ್ಲಿ ಹುಡುಕಿದೆ.

ನಿಮಗೆ ಹೇಳಬೇಕೆನಿಸಿದ್ದು ಬೇರೆಯೇ ಇದೆ. ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆ ಕಾಣೆಯಾದವರನ್ನು ಹುಡುಕಲು ಒಂದು ವಿಭಾಗವನ್ನೇ ನಡೆಸಿತು. ಅದರ ಅಧಿಕಾರಿಗಳು ಯುರೋಪಿನ ಹಳ್ಳಿಹಳ್ಳಿಗೆ ಹೋಗಿ ಪಾದ್ರಿ, ಊರ ಮುಖ್ಯಸ್ಥ, ಗುಂಡಿ ತೋಡಿದವರು, ಹೊಲದಲ್ಲಿ ವಿಮಾನ ಬಿದ್ದದ್ದನ್ನು ಕಂಡ ರೈತರನ್ನು ಕೂರಿಸಿಕೊಂಡು ಹೇಳಿಕೆ ಬರೆದುಕೊಂಡರು. ಅಂಗಿಯ ಮೇಲಿನ ಅಗಸನ ಗುರುತಿನಿಂದ, ಉಂಗುರದೊಳಗಿನ ಅಕ್ಷರದಿಂದ ಹೆಸರು ಪತ್ತೆಯಾದದ್ದುಂಟು. ಅಷ್ಟಾದರೂ ಗೋರಿ ಗೊತ್ತಾಗದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೆಸರುಗಳು ರನ್ನಿಮೀಡ್ ಸ್ಮಾರಕದ ಗೋಡೆಗಳಲ್ಲಿವೆ. ನಿಮ್ಮ ಬೆಟ್ಟದ ಆಸುಪಾಸಿನಲ್ಲಿ ಅಂಥ ಹೇಳಿಕೆಗಳನ್ನು ಬರೆದುಕೊಳ್ಳುವ ಕೆಲಸ ಇನ್ನೂ ಬಾಕಿ ಇದೆ. ಹೇಳಬಲ್ಲವರಿಗೆ ವಯಸ್ಸಾಗಿದೆ. ಬಂದೂಕು ಇನ್ನೂ ಐವತ್ತು ವರ್ಷ ಅಲ್ಲೇ ಇರುತ್ತದೆ. ಆ ಮಾವನವರ ಓರಗೆಯವರು ಒಬ್ಬರಾದರೂ ಬದುಕಿದ್ದರೆ ಮೊದಲು ಅವರ ಬಳಿ ಹೋಗಿ.

ಕಡತಶೋಧ

ಕನ್ನಡತಿ ಅವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ಕಾಗದವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ ಎನ್ನುವುದಕ್ಕೆ ‘ಲೇಡಿ ಬಿ ಗುಡ್’ ಎಂಬ ಇನ್ನೊಂದು ಲಿಬರೇಟರ್‌ನ ಕಥೆಯನ್ನು ಇಲ್ಲಿ ದಾಖಲಿಸಬೇಕು.

1943ರ ಏಪ್ರಿಲ್ 4ರಂದು ಲಿಬಿಯಾದ ಸೊಲುಕ್ ನೆಲೆಯಿಂದ ಇಟಲಿಯ ನೇಪಲ್ಸ್ ಮೇಲಿನ ದಾಳಿಗೆ ಹೊರಟ ಈ ವಿಮಾನದ ಒಂಬತ್ತು ಜನರಿಗೂ ಅದು ಜೊತೆಯಾಗಿ ಮಾಡಿದ ಮೊದಲ ದಾಳಿ. ರಾತ್ರಿ ಹಿಂತಿರುಗುವಾಗ ದಿಕ್ಕು ಕೇಳಿದರು, ನೆಲದ ರೇಡಿಯೊದವರು ದಿಕ್ಕು ಕೊಟ್ಟರು. ಆದರೆ ಆ ಕಾಲದ ಉಪಕರಣದಲ್ಲಿ ಸಂಕೇತ ಮುಂದಿನಿಂದ ಬರುತ್ತಿದೆಯೋ ಹಿಂದಿನಿಂದ ಬರುತ್ತಿದೆಯೋ ತಿಳಿಯುವಂತಿರಲಿಲ್ಲ. ವಿಮಾನ ಆಗಲೇ ನೆಲೆಯನ್ನು ದಾಟಿ ಮರುಭೂಮಿಯ ಒಳಕ್ಕೆ ಹೋಗುತ್ತಿತ್ತು. ಹುಡುಕಿದವರು ಸಮುದ್ರದಲ್ಲಿ ಬಿದ್ದಿರಬೇಕೆಂದು ಭಾವಿಸಿದರು, ಕಡತದಲ್ಲೂ ಹಾಗೆಯೇ ಉಳಿಯಿತು. 1958ರಲ್ಲಿ ತೈಲ ಹುಡುಕುತ್ತಿದ್ದವರಿಗೆ ಮರಳಿನ ನಡುವೆ ವಿಮಾನ ಕಂಡಿತು. ಮರುವರ್ಷ ಒಳಹೊಕ್ಕು ನೋಡಿದರೆ ಕುಡಿಯುವ ನೀರು ಇತ್ತು, ರೇಡಿಯೊ ಕೆಲಸ ಮಾಡುವ ಸ್ಥಿತಿಯಲ್ಲಿತ್ತು, ಮನುಷ್ಯರು ಮಾತ್ರ ಇರಲಿಲ್ಲ. ಇಂಧನ ಮುಗಿಯುವಾಗ ಅವರು ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ್ದರು, ವಿಮಾನ ತಾನೇ ಮುಂದೆ ಹೋಗಿ ನೆಲಕ್ಕೆ ಒರಗಿತ್ತು.

1960ರ ಫೆಬ್ರವರಿಯಲ್ಲಿ ಐವರ ದೇಹಗಳು ಒಟ್ಟಿಗೆ ಸಿಕ್ಕಾಗ ಸಹ ಪೈಲಟ್ ರಾಬರ್ಟ್ ಟೋನರ್‌ನ ದಿನಚರಿಯೂ ಸಿಕ್ಕಿತು. ಅರ್ಧ ಡಬ್ಬಿ ನೀರನ್ನು ದಿನಕ್ಕೊಂದು ಮುಚ್ಚಳದಂತೆ ಹಂಚಿಕೊಂಡು, ಸಮುದ್ರ ಹತ್ತಿರದಲ್ಲೇ ಇದೆಯೆಂದು ನಂಬಿ ವಾಯವ್ಯ ದಿಕ್ಕಿಗೆ ನಡೆದದ್ದು, ಹಗಲ ಬಿಸಿಲು, ರಾತ್ರಿಯ ಕೊರೆಯುವ ಚಳಿ ಎಲ್ಲವೂ ಚಿಕ್ಕ ಚಿಕ್ಕ ಸಾಲುಗಳಲ್ಲಿವೆ. ಕೊನೆಯ ಬರಹ ಏಪ್ರಿಲ್ 12ರದ್ದು. ಐವರನ್ನು ಬಿಟ್ಟು ಮುಂದೆ ನಡೆದವರಲ್ಲಿ ಇಬ್ಬರು ಇನ್ನೂ ಹಲವು ಮೈಲಿ ಆಚೆ ಸಿಕ್ಕರು. ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ಸತ್ತ ಒಬ್ಬರೂ ಸಿಕ್ಕರು. ಒಂಬತ್ತನೆಯವರಾದ ವರ್ನನ್ ಮೂರ್ ಮಾತ್ರ ಅಧಿಕೃತವಾಗಿ ಪತ್ತೆಯಾಗಲಿಲ್ಲ. ವಿಮಾನ ಸಿಕ್ಕಿದರೆ ಸಿಬ್ಬಂದಿ ಸಿಕ್ಕಿದಂತೆ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಆ ಒಂಬತ್ತನೆಯವರ ನೆನಪಾಗುತ್ತದೆ. ‘ಹಾಟ್ ಆಸ್ ಹೆಲ್’ ವಿಷಯದಲ್ಲಿಯೂ ವಿಮಾನ ಸಿಕ್ಕದ್ದು 2006ರಲ್ಲಿ, ಉತ್ಖನನ ನಡೆದದ್ದು 2015ರಲ್ಲಿ, ಸಿಕ್ಕ ಅವಶೇಷಗಳನ್ನು ದೆಹಲಿಯಲ್ಲಿ ಒಪ್ಪಿಸಿದ್ದು 2016ರ ಏಪ್ರಿಲ್‌ನಲ್ಲಿ. 2017ರಲ್ಲಿ ಗುರುತು ದೃಢಪಟ್ಟು ಜಾರ್ಜಿಯಾ ರಾಜ್ಯದ ಕಾಂಕರ್ಡ್‌ನಲ್ಲಿ ಮಣ್ಣು ಕಂಡವರು ರಾಬರ್ಟ್ ಆಕ್ಸ್‌ಫರ್ಡ್. ನಡುವಿನ ವರ್ಷಗಳಲ್ಲಿ ನ್ಯಾವಿಗೇಟರ್ ಜೇಟ್ಸ್ ಅವರ ಸಹೋದರನ ಮಗ ಎರಡೂ ಸರ್ಕಾರಗಳ ಬಾಗಿಲು ತಟ್ಟುತ್ತಲೇ ಇದ್ದರು.

ಎಲುಬಿನ ವೈದ್ಯ

ಸಹೋದರನ ಮಗ ಎಂಬ ಮಾತು ಬಂದದ್ದರಿಂದ ಒಂದು ವಿವರ ಸೇರಿಸುತ್ತೇನೆ. ಹಳೆಯ ಮೂಳೆಯಲ್ಲಿ ಹೆಚ್ಚು ಕಾಲ ಉಳಿಯುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯಾ ಎಂಬ ಕಣದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಆಕ್ಸ್‌ಫರ್ಡ್ ಅವರ ಗುರುತಿಗೆ ಬಳಸಿದ್ದೂ ಅದನ್ನೇ. ಕರಾವಳಿಯ ಅಳಿಯಸಂತಾನದ ಕ್ರಮವನ್ನು ಬಲ್ಲವರಿಗೆ ಇದು ಬೇಗ ತಿಳಿಯುತ್ತದೆ: ಸತ್ತವನ ಅಕ್ಕತಂಗಿಯರು, ಅವರ ಮಕ್ಕಳು, ತಾಯಿಯ ಅಕ್ಕತಂಗಿಯರ ಮಕ್ಕಳು ಇವರ ರಕ್ತ ಹೊಂದುತ್ತದೆ. ಸತ್ತವನ ಅಣ್ಣತಮ್ಮಂದಿರ ಮಕ್ಕಳದ್ದು ಈ ಪರೀಕ್ಷೆಗೆ ಹೊಂದುವುದಿಲ್ಲ, ಗಂಡುಮಕ್ಕಳಾದರೆ ತಂದೆಯಿಂದ ಮಗನಿಗೆ ಬರುವ ವೈ ವರ್ಣತಂತುವಿನ ಬೇರೆ ಪರೀಕ್ಷೆಗೆ ಬರಬಹುದು. ಆದ್ದರಿಂದ ಸಿಬ್ಬಂದಿಯ ಬಗ್ಗೆ ಹುಡುಕುವವರು ವಂಶವೃಕ್ಷ ಬರೆಯುವಾಗ ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮನೆಗಳ ಹೆಸರನ್ನು ಬಿಡಬಾರದು. ಬಹಳಷ್ಟು ವಂಶವೃಕ್ಷಗಳಲ್ಲಿ ಬಿಟ್ಟುಹೋಗಿರುವುದು ಅದೇ.

ಬೆಟ್ಟಕ್ಕೆ ಅಪ್ಪಳಿಸಿದ ವಿಮಾನದಲ್ಲಿ ಎಂಟು ಜನರ ಅವಶೇಷಗಳು ಒಂದರೊಳಗೊಂದು ಬೆರೆತಿರುತ್ತವೆ. ಮಳೆ, ಹಿಮ, ಕುಸಿಯುವ ಮಣ್ಣು, ಹುಳಿ ಮಣ್ಣಿನ ಗುಣ ಇವೆಲ್ಲ ಸೇರಿ ಮೂಳೆಯನ್ನು ಕರಗಿಸುತ್ತವೆ. ಜರಡಿ ಹಿಡಿದು ಸೋಸಿದರೂ ಬೆರಳ ತುದಿಯಷ್ಟು ಚೂರು ಸಿಗಬಹುದು. ಅದರ ಮೇಲೆ ಯಾರ ಕೈಯೂ ತಾಗದಿದ್ದರೆ ಪರೀಕ್ಷೆಗೆ ಒಳ್ಳೆಯದು.

ಘಟ್ಟದ ಕೆಳಗಿನವ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಬೇಕು. ಬೆಟ್ಟಕ್ಕೆ ಹೋಗಲಿಲ್ಲ. ಕನ್ನಡತಿ ಅಕ್ಕ ಹೇಳಿದಂತೆ ಊರಿನಲ್ಲೇ ಉಳಿದು ಹಿರಿಯರನ್ನು ಹುಡುಕಿದೆ. ಮಾವನವರ ಜೊತೆ ಬೇಟೆಗೆ ಹೋದವರಲ್ಲಿ ಒಬ್ಬರು ಇದ್ದಾರೆ, ಕಣ್ಣು ಮಂಜಾಗಿದೆ, ಮಾತು ಗಟ್ಟಿಯಾಗಿದೆ. ಆದಿ ಭಾಷೆಯಲ್ಲಿ ಅವರು ಹೇಳಿದ್ದನ್ನು ಮೊಮ್ಮಗ ಹಿಂದಿಗೆ ತಂದ, ನಾನು ಬರೆದುಕೊಂಡು ಓದಿ ಹೇಳಿದೆ. ಎರಡು ಕಡೆ ಅವರು ತಿದ್ದಿಸಿದರು. ತಗಡು ತಂದದ್ದು ದಮ್ರೋ ಕಡೆಯ ಬೆಟ್ಟದಿಂದಲ್ಲ, ಹೊಳೆಯ ಆಚೆಯ ಇನ್ನೊಂದು ಬೆಟ್ಟದಿಂದ. ಮೊಮ್ಮಗ ಹೋದ ವರ್ಷ ಅಲ್ಲಿಗೆ ಹೋದಾಗ ಫೋನಿನಲ್ಲಿ ತೆಗೆದ ಒಂದೇ ಚಿತ್ರವಿದೆ. ಪಾಚಿಯೊಳಗೆ ಅರ್ಧ ಹೂತ ಎಂಜಿನ್, ಎದುರಿನ ಸುತ್ತಿನಲ್ಲಿ ನಾಲ್ಕು ಸಿಲಿಂಡರ್ ಮೇಲೆ ಕಾಣುತ್ತವೆ, ಅವುಗಳ ಅಂತರ ಅಳೆದು ನೋಡಿದರೆ ಪೂರ್ತಿ ಸುತ್ತಿಗೆ ಏಳು ಬರುತ್ತದೆ. ಟರ್ಬೊ ಕಾಣುವುದಿಲ್ಲ. ಬಂದೂಕು ಕಾಣುವುದಿಲ್ಲ. ಬಾಂಬರೋ, ಸರಕಿನದ್ದೋ, ಪೆಟ್ರೋಲಿನದ್ದೋ ಹೇಳಲು ಬರುವುದಿಲ್ಲ.

ಹೇಳಿಕೆ, ಚಿತ್ರ, ತಗಡಿನ ಅಳತೆ ಮೂರನ್ನೂ ಜಿಲ್ಲಾಡಳಿತಕ್ಕೆ ಕೊಟ್ಟು, ಅಮೆರಿಕದ ಆ ಸಂಸ್ಥೆಗೂ ಕಳುಹಿಸಿದ್ದೇನೆ. ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದ ಎಂಟು ಹೆಸರುಗಳ ಪುಟವನ್ನು ಬೇರೆಯಾಗಿ ತೆಗೆದಿಟ್ಟೆ. ತಗಡಿನ ಪುಟದ ಮೇಲೆ ಈಗ ಹೊಳೆಯ ಹೆಸರು, ಬೆಟ್ಟದ ಹೆಸರು, ಹೇಳಿದವರ ಹೆಸರು ಮಾತ್ರ ಇದೆ.

ತಗಡನ್ನು ಕೊಂಡೊಯ್ಯುತ್ತೇನೆಂದು ನಾನು ಕೇಳಲಿಲ್ಲ, ಮನೆಯಾಕೆಯೂ ಕೊಡುವ ಮಾತು ಎತ್ತಲಿಲ್ಲ. ರಿವೆಟ್ಟಿನ ಒಂದು ತೂತಿಗೆ ದಾರ ಪೋಣಿಸಿ, ಹೊಗೆ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಟಿ ಕಟ್ಟಿದೆ. ಏನು ಬರೆದಿದೆ ಎಂದು ಅವರು ಕೇಳಿದರು, ಹಿಂದಿಯಲ್ಲಿ ಓದಿದೆ. ಮಾವನವರ ಹೆಸರು ಬಂದಾಗ ಇನ್ನೊಮ್ಮೆ ಓದಿಸಿದರು. ಆಮೇಲೆ ತಗಡನ್ನು ಅಟ್ಟದ ಮೇಲೆ ಅದರ ಜಾಗದಲ್ಲೇ ಇಟ್ಟು, ಚೀಟಿಯನ್ನು ಬೆಂಕಿಯ ಝಳ ಬರದ ಕಡೆಗೆ ತಿರುಗಿಸಿದರು.